ಸಾಲುಮನೆಗಳು ಹೋಟೆಲಾದದ್ದು ಯಾವಾಗ? ಜಾರ್ಜಿಯನ್ ಕಟ್ಟಡದ ಜಾಡು ಹಿಡಿಯುವ ಬಗೆ

ಡಬ್ಲಿನ್ನಿನ ಅಪ್ಪರ್ ಮೆರಿಯನ್ ಸ್ಟ್ರೀಟಿನ ಮೆರಿಯನ್ ಹೋಟೆಲ್ ಶುರುವಾದದ್ದು 1997ರಲ್ಲಿ. ಅದರ ಗೋಡೆಗಳು 1760ರ ದಶಕದವು. ಹೋಟೆಲಿನ ವಯಸ್ಸೆಷ್ಟು ಎಂದು ಕೇಳಿದರೆ ಎರಡೂ ಉತ್ತರ ಸರಿಯೇ, ಎರಡೂ ಅರ್ಧಂಬರ್ಧವೇ. ಅಲ್ಲಿರುವುದು 21ರಿಂದ 24ರವರೆಗಿನ ನಂಬರಿನ ನಾಲ್ಕು ಮನೆ. ಇಂಥ ಕಟ್ಟಡದ ಇತಿಹಾಸ ಬರೆಯಲು ಹೊರಟವರು ಮೊದಲು ಎಡವುವುದು ಅದನ್ನು ಒಂದೇ ಕಟ್ಟಡ ಎಂದುಕೊಂಡು. ಎಷ್ಟು ಮುಂಬಾಗಿಲಿದ್ದವೋ ಅಷ್ಟು ಇತಿಹಾಸ. ಒಂದೊಂದು ಮನೆಯ ಜಾಡನ್ನೂ ಬೇರೆಯಾಗಿಯೇ ಹಿಡಿಯಬೇಕು. ನಡುಗೋಡೆ ಒಡೆದ ವರ್ಷ ಸಿಕ್ಕ ಮೇಲಷ್ಟೇ ಅವನ್ನು ಒಂದುಗೂಡಿಸಬೇಕು.

ಜಾರ್ಜಿಯನ್ ಎಂದರೆ 1714ರಿಂದ 1830ರವರೆಗೆ ಒಬ್ಬರ ಹಿಂದೊಬ್ಬರು ಆಳಿದ ನಾಲ್ವರು ಜಾರ್ಜ್ ದೊರೆಗಳ ಕಾಲ. ಆಗ ಲಂಡನ್, ಡಬ್ಲಿನ್, ಬಾತ್, ಎಡಿನ್‌ಬರೋಗಳಲ್ಲಿ ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಸಾಲುಮನೆಗಳೇ ಇವತ್ತಿನ ಎಷ್ಟೋ ಹೋಟೆಲುಗಳ ಮೈಕಟ್ಟು. ಲಂಡನ್ನಿನ ಡೋವರ್ ಸ್ಟ್ರೀಟಿನ ಬ್ರೌನ್ಸ್ ಹೋಟೆಲ್ ಪಕ್ಕದ ಮನೆಗಳನ್ನು ಒಂದೊಂದಾಗಿ ಸೇರಿಸಿಕೊಳ್ಳುತ್ತ ಬೆಳೆದದ್ದು. ಬಾತ್‌ನ ರಾಯಲ್ ಕ್ರೆಸೆಂಟ್ ಹೋಟೆಲ್ ಇರುವುದು 30 ಮನೆಗಳ ಕಮಾನು ಸಾಲಿನ ನಟ್ಟನಡುವೆ, 15 ಮತ್ತು 16ನೇ ಮನೆಗಳಲ್ಲಿ. ಇಲ್ಲಿ ಹೋಟೆಲ್ ಎಂದರೆ ತಂಗುವ ಮನೆ, ನಮ್ಮೂರಿನ ದೋಸೆ-ಕಾಫಿಯ ಹೋಟೆಲಲ್ಲ ಎಂಬುದು ನೆನಪಿರಲಿ.

ಸಾಮಾನು ಹೆಚ್ಚು ಬೇಡ. 5 ಮೀಟರಿನ ಟೇಪು, ಟಾರ್ಚು, ಗೀಟಿಲ್ಲದ ನೋಟ್‌ಬುಕ್, ಫೋನಿನ ಕ್ಯಾಮೆರಾ ಇದ್ದರೆ ಸಾಕು. ಮ್ಯಾನೇಜರ್ ಹತ್ತಿರ ಮೊದಲೇ ಮಾತಾಡಿ ನೆಲಮಾಳಿಗೆ, ಅಟ್ಟ ಮತ್ತು ಹಿತ್ತಲ ಕಡೆಗೆ ಹೋಗಲು ಒಪ್ಪಿಗೆ ಪಡೆಯಿರಿ. ಲಾಬಿ ಮತ್ತು ದೊಡ್ಡ ಕೋಣೆಗಳನ್ನು ಹತ್ತು ಸಲ ನವೀಕರಿಸಿರುತ್ತಾರೆ. ಬಾಯ್ಲರ್ ಕೋಣೆಯನ್ನು ಚೆಂದ ಮಾಡುವ ಗೋಜಿಗೆ ಯಾರೂ ಹೋಗಿರುವುದಿಲ್ಲ, ಹಾಗಾಗಿ ನಿಜ ಉಳಿದಿರುವುದು ಅಲ್ಲೇ.

ಹೊರಗೆ ನಿಂತು ಮನೆ ಎಣಿಸಿ

ರಸ್ತೆಯ ಆಚೆ ಬದಿಗೆ ನಿಂತು ಇಡೀ ಮುಂಭಾಗದ ಚಿತ್ರ ಬರೆದುಕೊಳ್ಳಿ. ಸಣ್ಣ ಮನೆಗಳ ಅಗಲ ಸುಮಾರು 18ರಿಂದ 24 ಅಡಿ, ದೊಡ್ಡವರ ಮನೆಯಾದರೆ 30 ಅಡಿ ದಾಟುತ್ತದೆ. ಒಂದು ಮನೆ ಮುಗಿದು ಇನ್ನೊಂದು ಶುರುವಾಗುವ ಗೆರೆ ತೋರಿಸುವ ಗುರುತುಗಳು ಹಲವು: ಛಾವಣಿಯ ಮೇಲಿನ ಹೊಗೆಗೂಡಿನ ಸಾಲು, ಮಳೆನೀರಿನ ಕೊಳವೆ, ಇಟ್ಟಿಗೆಯ ಬಣ್ಣ ಬದಲಾಗುವ ಜಾಗ, ಕಿಟಕಿಗಳ ಮೇಲಂಚು ಒಂದೆರಡು ಇಂಚು ಏರುಪೇರಾಗುವ ಕಡೆ. ಹೊಗೆಗೂಡಿನ ತುದಿಯ ಮಣ್ಣಿನ ಕೊಳವೆಗಳನ್ನು ಎಣಿಸಿ. ಚಳಿ ಕಾಯಿಸುವ ಒಂದೊಂದು ಒಲೆಗೂ ಒಂದೊಂದು ಹೊಗೆದಾರಿ ಇರುತ್ತಿದ್ದುದರಿಂದ ಒಳಗೆ ಎಷ್ಟು ಬೆಚ್ಚನೆಯ ಕೋಣೆಗಳಿದ್ದವೆಂದು ಅಂದಾಜು ಸಿಗುತ್ತದೆ.

ಮುಂಬಾಗಿಲಿಗೆ ಹೋಗುವ ಕಲ್ಲಿನ ಮೆಟ್ಟಿಲಿನ ಪಕ್ಕದಲ್ಲಿ, ಕಬ್ಬಿಣದ ಕಂಬಿಗಳಾಚೆ, ನೆಲಮಾಳಿಗೆಗೆ ಬೆಳಕು ಬಿಡುವ ತಗ್ಗು ಇರುತ್ತದೆ. ಕಾಲುದಾರಿಯ ಕೆಳಗೆ ಕಲ್ಲಿದ್ದಲು ತುಂಬುವ ಕಮಾನುಗೂಡು, ಅದರ ಮೇಲೊಂದು ದುಂಡನೆಯ ಕಬ್ಬಿಣದ ಮುಚ್ಚಳ. ಹೋಟೆಲಾಗುವಾಗ ಮುಂಬಾಗಿಲುಗಳಲ್ಲಿ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಕಿಟಕಿ ಮಾಡುತ್ತಾರೆ, ಇಲ್ಲವೇ ಜಡಿದು ಸುಮ್ಮನೆ ಬಣ್ಣ ಬಳಿಯುತ್ತಾರೆ. ಕಾಲುದಾರಿಯ ಮುಚ್ಚಳವನ್ನು ಕೀಳುವುದು ಮರೆತೇ ಹೋಗಿರುತ್ತದೆ. ಬಾಗಿಲು ಕಾಣದ ಕಡೆ ಮುಚ್ಚಳ ಕಂಡರೆ ಅಲ್ಲೊಂದು ಮನೆಯಿತ್ತು ಎಂದು ಗುರುತು ಹಾಕಿಕೊಳ್ಳಿ.

ಮುಂದಿನ ಗೋಡೆಯನ್ನು ಮಾತ್ರ ನಂಬಬೇಡಿ. ಕಿರಿಯ ಜಾನ್ ವುಡ್ 1767ರಿಂದ 1775ರೊಳಗೆ ಕಟ್ಟಿಸಿದ ರಾಯಲ್ ಕ್ರೆಸೆಂಟಿನ ಮುಂಭಾಗದಲ್ಲಿ 114 ಕಂಬಗಳು ಒಂದೇ ಅಚ್ಚಿನಲ್ಲಿ ನಿಂತಿವೆ. ಆ ಮುಖದ ಹಿಂದೆ ಒಬ್ಬೊಬ್ಬ ಮಾಲೀಕ ತನಗೆ ಬೇಕಾದ ಹಾಗೆ ಮನೆ ಕಟ್ಟಿಸಿಕೊಂಡ. ಹಿಂಬದಿಗೆ ಹೋಗಿ ನೋಡಿದರೆ ಛಾವಣಿ, ಕಿಟಕಿ, ಉಬ್ಬು ಎಲ್ಲವೂ ಅಡ್ಡಾದಿಡ್ಡಿ. ಮನೆ ಎಣಿಸಲು ಹಿತ್ತಿಲೇ ವಾಸಿ.

ಒಳಗೆ ಟೇಪು ಹಿಡಿದು

ಕಾರಿಡಾರಿನಲ್ಲಿ ನಡೆಯುವಾಗ ಕಾಲಿಗೆ ಸಿಗುವ ಇಳಿಜಾರು, ಕಾರಣವಿಲ್ಲದ ಎರಡು ಮೆಟ್ಟಿಲು, ಇವೆಲ್ಲ ನಡುಗೋಡೆ ದಾಟಿದ ಗುರುತು. ರಸ್ತೆಯ ಇಳಿಜಾರಿಗೆ ತಕ್ಕಂತೆ ಒಂದೊಂದು ಮನೆಯ ನೆಲಮಟ್ಟ ಒಂದೊಂದು ಎತ್ತರದಲ್ಲಿರುತ್ತದೆ. ಅದನ್ನು ಸರಿಮಾಡಲು ತೊಲೆಗಳನ್ನೇ ಎತ್ತಬೇಕು, ಆ ಕೆಲಸಕ್ಕೆ ಯಾರೂ ಕೈಹಾಕುವುದಿಲ್ಲ. ಅಲ್ಲಿ ಬಾಗಿಲ ಸಂದಿನ ದಪ್ಪ ಅಳೆಯಿರಿ. ಒಂದೂವರೆ ಇಟ್ಟಿಗೆಯ ನಡುಗೋಡೆ ಬರೀ 13-14 ಇಂಚು, ಎರಡೂ ಕಡೆ ಗಾರೆ ಸೇರಿದರೆ 16 ಇಂಚಿನ ಆಸುಪಾಸು. ಮರದ ಪಟ್ಟಿಯ ಒಳಗೋಡೆಯಾದರೆ 4ರಿಂದ 6 ಇಂಚು. 16 ಇಂಚು ಸಿಕ್ಕಿತೆಂದರೆ ನೀವು ಒಂದು ಮನೆಯಿಂದ ಇನ್ನೊಂದಕ್ಕೆ ಕಾಲಿಟ್ಟಿದ್ದೀರಿ.

ಆಮೇಲೆ ತಲೆಯೆತ್ತಿ ಗೋಡೆ-ಚಾವಣಿ ಸೇರುವಲ್ಲಿನ ಗಾರೆಯ ಅಲಂಕಾರ ಪಟ್ಟಿ ನೋಡಿ. ಪಟ್ಟಿ ಮೂರು ಬದಿಯಲ್ಲಿ ಓಡಿ ನಾಲ್ಕನೆಯದರಲ್ಲಿ ಇಲ್ಲದಿದ್ದರೆ ಆ ನಾಲ್ಕನೆ ಗೋಡೆ ಆಮೇಲೆ ಬಂದದ್ದು. ಹೂಬಳ್ಳಿಯ ಅರ್ಧ ಎಲೆ ಗೋಡೆಯೊಳಗೆ ಮಾಯವಾಗಿದ್ದರೆ ಅನುಮಾನವೇ ಬೇಡ: ದೊಡ್ಡ ಕೋಣೆಯನ್ನು ಸೀಳಿ ಕಾರಿಡಾರೋ ಬಚ್ಚಲುಮನೆಯೋ ಮಾಡಿದ್ದಾರೆ. ಒಳ್ಳೆಯ ಕೆಲಸಗಾರರು ಬಚ್ಚಲನ್ನು ಚಾವಣಿ ಮುಟ್ಟದ ಪೆಟ್ಟಿಗೆಯಂತೆ ಕೋಣೆಯೊಳಗೆ ಇಟ್ಟಿರುತ್ತಾರೆ, ಮುಂದೊಂದು ದಿನ ತೆಗೆದರೂ ಅಲಂಕಾರ ಹಾಳಾಗಬಾರದೆಂದು.

ಮೂಲ ಮನೆಯ ಕ್ರಮ ತಲೆಯಲ್ಲಿದ್ದರೆ ಕೋಣೆಗಳ ಗುರುತು ಸುಲಭ. ಅಡುಗೆ ನೆಲಮಾಳಿಗೆಯಲ್ಲಿ. ರಸ್ತೆಮಟ್ಟದಲ್ಲಿ ಊಟದ ಕೋಣೆ. ಮೊದಲ ಮಹಡಿಯಲ್ಲಿ ಎತ್ತರದ ಚಾವಣಿಯ, ಅತಿಥಿಗಳಿಗೆ ತೋರಿಸಲೆಂದೇ ಇದ್ದ ಎರಡು ದಿವಾನಖಾನೆ. ಅದರ ಮೇಲೆ ಮಲಗುವ ಕೋಣೆಗಳು, ಅಟ್ಟದಲ್ಲಿ ಆಳುಗಳು ಮತ್ತು ಮಕ್ಕಳು. ಮಹಡಿ ಏರಿದಂತೆ ಕಿಟಕಿ ಗಿಡ್ಡ, ಅಲಂಕಾರ ಸಪ್ಪೆ. ಇವತ್ತು ಹೋಟೆಲಿನ ಅತಿ ದುಬಾರಿ ಸೂಟು ಮೊದಲ ಮಹಡಿಯ ಮುಂಬದಿಯಲ್ಲೇ ಇರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಯಜಮಾನರ ಕಲ್ಲಿನ ಮೆಟ್ಟಿಲು ಒಂದು ಕಡೆ ಉಳಿದಿರುತ್ತದೆ. ಆಳುಗಳ ಮರದ ಮೆಟ್ಟಿಲಿದ್ದ ಜಾಗಕ್ಕೆ ಬಹುಪಾಲು ಲಿಫ್ಟ್ ಬಂದಿರುತ್ತದೆ.

ಕಿಟಕಿ ಹೇಳುವ ಕಾಲ, ಹೇಳುವ ಸುಳ್ಳು

ಲಂಡನ್ನಿನಲ್ಲಿ 1709ರ ಕಾಯ್ದೆ ಕಿಟಕಿಯ ಚೌಕಟ್ಟನ್ನು ಗೋಡೆಯ ಮುಖದಿಂದ 4 ಇಂಚು ಒಳಕ್ಕೆ ಸರಿಸಬೇಕೆಂದಿತು, ಬೆಂಕಿ ಹಬ್ಬದಿರಲೆಂದು. 1774ರ ಕಾಯ್ದೆ, ಮೇಲೆ-ಕೆಳಗೆ ಜಾರುವ ಈ ಕಿಟಕಿಗಳ ಹಗ್ಗ-ತೂಕ ಇರುವ ಮರದ ಪೆಟ್ಟಿಗೆಯನ್ನೇ ಇಟ್ಟಿಗೆಯ ಹಿಂದೆ ಅಡಗಿಸಬೇಕೆಂದಿತು. ಆದ್ದರಿಂದ ಮರದ ಪೆಟ್ಟಿಗೆ ದಪ್ಪಗೆ ಎದ್ದು ಕಂಡರೆ ಹಳೆಯದು, ತೆಳು ಗೆರೆಯಷ್ಟೇ ಕಂಡರೆ 1774ರ ಈಚಿನದು ಎಂಬ ಸೂತ್ರ. ಆದರೆ ಕಾಯ್ದೆ ಎಲ್ಲ ಕಡೆ ಪಾಲನೆಯಾಗಲಿಲ್ಲ, ಡಬ್ಲಿನ್ನಿಗೆ ಅನ್ವಯಿಸಲೂ ಇಲ್ಲ. ಲಂಡನ್ನಿನ ಸೂತ್ರವನ್ನು ಐರ್ಲೆಂಡಿನ ಮನೆಗೆ ಹಚ್ಚಿ ವರ್ಷ ಬರೆದಿಡುವುದು ತುಂಬ ಸಾಮಾನ್ಯ ತಪ್ಪು.

ಗಾಜು ಹಿಡಿದ ಮರದ ಪಟ್ಟಿ ಶತಮಾನದ ಆರಂಭದಲ್ಲಿ ಒಂದೂವರೆ ಇಂಚಿನಷ್ಟು ದಪ್ಪ, ಕೊನೆಗೆ ಬರುವಾಗ ಅರ್ಧ ಇಂಚಿಗೆ ಇಳಿಯುತ್ತದೆ. ಜಾರುವ ಎರಡು ಚೌಕಟ್ಟುಗಳಲ್ಲಿ ಮೇಲಿನದರ ಎರಡು ಮೂಲೆಗಳಲ್ಲಿ ಕೆಳಕ್ಕೆ ಚಾಚಿದ ಕೊಂಬಿನಂಥ ಮೊಳಕೆಗಳಿದ್ದರೆ ಆ ಚೌಕಟ್ಟು 1840ರ ಈಚಿನದು, ಭಾರದ ದೊಡ್ಡ ಗಾಜು ತಡೆಯಲು ಬಂದದ್ದು. ಹೊಸ ಕಿಟಕಿಗೆ ಹಳೆಯ, ಮೇಲೆ ಆರು ಕೆಳಗೆ ಆರು ಗಾಜಿನ ವೇಷ ಹಾಕಿದವರು ಎಷ್ಟೋ ಸಲ ಈ ಕೊಂಬನ್ನೂ ಅಂಟಿಸಿ ಸಿಕ್ಕಿಬೀಳುತ್ತಾರೆ.

ಮುಚ್ಚಿದ ಕಿಟಕಿ ಕಂಡ ಕೂಡಲೇ ಗೈಡುಗಳು ಕಿಟಕಿ ತೆರಿಗೆಯ ಕಥೆ ತೆಗೆಯುತ್ತಾರೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಅಂಥ ತೆರಿಗೆ ಇದ್ದದ್ದು ನಿಜ. ಆದರೂ ಒಳಗೆ ಹೋಗಿ ಅದೇ ಜಾಗ ನೋಡಿ. ಅಲ್ಲಿ ಕಿಟಕಿಯ ಮರದ ಮುಚ್ಚುಗೆ ಮಡಚಿಡುವ ಗೂಡಿದ್ದರೆ ಕಿಟಕಿ ಇತ್ತು, ಆಮೇಲೆ ಮುಚ್ಚಿದರು. ಅಲ್ಲಿ ಒಲೆಯ ಗೋಡೆಯೇ ಇದ್ದರೆ ಅದು ಎಂದೂ ತೆರೆದಿರಲಿಲ್ಲ, ಹೊರಗಿನ ಸಾಲು ಒಪ್ಪವಾಗಿ ಕಾಣಲೆಂದು ಇಟ್ಟ ಹುಸಿಕಿಟಕಿ.

ಅಮೃತಶಿಲೆಯ ಒಲೆ ನೋಡಿ ವರ್ಷ ಹೇಳಲೇಬೇಡಿ. ಒಡೆದ ಮನೆಗಳ ಒಲೆಗಳನ್ನು ಕೊಂಡು ತಂದು ಕೂಡಿಸುವ ವ್ಯಾಪಾರ ಬಹಳ ಹಿಂದಿನಿಂದಲೂ ಇದೆ.

ಮನೆ ನಂಬರು ಕೈಕೊಡುವುದು ಹೀಗೆ

ಕಾಗದಪತ್ರಕ್ಕೆ ಇಳಿಯುವ ಮೊದಲು ಇದನ್ನು ಬಗೆಹರಿಸಿಕೊಳ್ಳದಿದ್ದರೆ ಪಕ್ಕದ ಮನೆಯವರ ಇತಿಹಾಸ ಬರೆದುಬಿಡುತ್ತೀರಿ. 18ನೇ ಶತಮಾನದ ಬಹಳಷ್ಟು ಪತ್ರಗಳಲ್ಲಿ ನಂಬರೇ ಇರುವುದಿಲ್ಲ. ಲಂಡನ್ನಿನಲ್ಲಿ 1855ರಲ್ಲಿ ಮೆಟ್ರೊಪಾಲಿಟನ್ ಬೋರ್ಡ್ ಆಫ್ ವರ್ಕ್ಸ್ ಎಂಬ ನಗರ ಕಾಮಗಾರಿ ಮಂಡಳಿ ಬಂದ ಮೇಲೆ ಎಷ್ಟೋ ಬೀದಿಗಳ ಹೆಸರು, ನಂಬರು ಎರಡೂ ಬದಲಾದವು. ಮೂಲೆಯ ಮನೆ, ಚರ್ಚು, ಅಡ್ಡರಸ್ತೆ ಇಂಥ ಅಲುಗಾಡದ ಗುರುತಿನಿಂದ ಎಷ್ಟನೆಯ ಮನೆ ಎಂದು ಎಣಿಸಿಕೊಳ್ಳಿ. ರಿಚರ್ಡ್ ಹಾರ್ವುಡ್ 1792ರಿಂದ 1799ರವರೆಗೆ ಹೊರತಂದ ಲಂಡನ್ ನಕ್ಷೆಯಲ್ಲಿ ಮನೆಮನೆಯ ಗೆರೆ, ಬಹಳ ಕಡೆ ನಂಬರು ಕೂಡ ಇದೆ. ಡಬ್ಲಿನ್ನಿಗೆ ಜಾನ್ ರಾಕ್‌ನ 1756ರ ನಕ್ಷೆ ಮತ್ತು 1847ರ ಆರ್ಡ್‌ನೆನ್ಸ್ ಸರ್ವೆ, ಅಂದರೆ ಸರ್ಕಾರಿ ಮೋಜಣಿಯ ನಕ್ಷೆ. ಎರಡನೆಯದರಲ್ಲಿ ಮುಂದಿನ ಮೆಟ್ಟಿಲು, ಹಿತ್ತಲ ಲಾಯದವರೆಗೂ ಕಾಣುತ್ತದೆ. ಹಳೆ ನಕ್ಷೆ ಮತ್ತು ನಿಮ್ಮ ಚಿತ್ರವನ್ನು ಅಕ್ಕಪಕ್ಕ ಇಟ್ಟು ಮನೆಗಳಿಗೆ ಅ, ಆ, ಇ ಎಂದು ನೀವೇ ಹೆಸರಿಟ್ಟುಕೊಳ್ಳಿ. ನಂಬರು ಬದಲಾಗಬಹುದು, ‘ಆ’ ಮನೆ ಬದಲಾಗದು.

ಕಾಗದಪತ್ರ: ಇವತ್ತಿನಿಂದ ಹಿಂದಕ್ಕೆ

ಮೊದಲು ನೋಡಬೇಕಾದ್ದು ಹಳೆಯ ಪತ್ರವಲ್ಲ, ಇತ್ತೀಚಿನ ನವೀಕರಣಕ್ಕೆ ನಗರಾಡಳಿತಕ್ಕೆ ಕೊಟ್ಟ ಅರ್ಜಿ. ಸಂರಕ್ಷಿತ ಕಟ್ಟಡದ ಗೋಡೆ ಮುಟ್ಟಬೇಕಾದರೆ ನಕ್ಷೆಯ ಜೊತೆ ಕಟ್ಟಡದ ಇತಿಹಾಸದ ವರದಿಯನ್ನೂ ಕೊಡುವುದು ರೂಢಿ. ಬಹಳಷ್ಟು ಆನ್‌ಲೈನಿನಲ್ಲೇ ಇವೆ. ಅದರಲ್ಲಿರುವುದೆಲ್ಲ ನಿಜವೆಂದಲ್ಲ, ಯಾವ ದಾಖಲೆ ಎಲ್ಲಿದೆ ಎಂಬ ದಾರಿ ಸಿಗುತ್ತದೆ. ಲಂಡನ್ನಿನ ಬೀದಿಯಾದರೆ 1894ರಲ್ಲಿ ಶುರುವಾದ, ಊರಿನ ಕಟ್ಟಡಗಳ ಇತಿಹಾಸ ದಾಖಲಿಸುವ ಸರ್ವೆ ಆಫ್ ಲಂಡನ್ ಸಂಪುಟಗಳಲ್ಲಿ ನಿಮ್ಮ ಬೀದಿ ಇದೆಯೇ ನೋಡಿ. ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಆಮೇಲೆ ವರ್ಷ ವರ್ಷದ ವಿಳಾಸಪುಸ್ತಕ ಹಿಡಿದು ಹಿಂದೆ ಸರಿಯಿರಿ. ಡಬ್ಲಿನ್ನಿಗೆ 1844ರಿಂದ ಥಾಮ್ಸ್ ಡೈರೆಕ್ಟರಿ, ಅದಕ್ಕೂ ಹಿಂದೆ ವಿಲ್ಸನ್ಸ್. ಇವುಗಳ ಮಾಹಿತಿ ಸಂಗ್ರಹಿಸುವುದು ಹಿಂದಿನ ವರ್ಷ. 1850ರ ಪುಸ್ತಕ ಹೇಳುವುದು 1849ರ ಸ್ಥಿತಿ. ‘ಪ್ರೈವೇಟ್ ಹೋಟೆಲ್’, ‘ಬೋರ್ಡಿಂಗ್ ಹೌಸ್’, ‘ಲಾಡ್ಜಿಂಗ್ಸ್’ ಎಂಬ ಪದಗಳನ್ನು ಇದ್ದ ಹಾಗೇ ಬರೆದುಕೊಳ್ಳಿ, ಎಲ್ಲವನ್ನೂ ಹೋಟೆಲ್ ಎಂದು ಒಟ್ಟುಹಾಕಬೇಡಿ. ಪ್ರೈವೇಟ್ ಹೋಟೆಲಿನವರು ಬಂದವರನ್ನೆಲ್ಲ ಇಳಿಸಿಕೊಳ್ಳಬೇಕೆಂದಿರಲಿಲ್ಲ. ಮದ್ಯದ ಲೈಸೆನ್ಸ್ ಇಲ್ಲದ್ದಾದರೆ ಲೈಸೆನ್ಸ್ ದಾಖಲೆಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ಐರ್ಲೆಂಡಿನ 1901 ಮತ್ತು 1911ರ ಜನಗಣತಿ ಪೂರ್ತಿ ಉಚಿತವಾಗಿ ಆನ್‌ಲೈನಿನಲ್ಲಿದೆ. ಬರೀ ಹೆಸರುಗಳ ಹಾಳೆ ನೋಡಿ ನಿಲ್ಲಿಸಬೇಡಿ. ಬಿ1 ಎಂಬ ಮನೆಗಳ ಹಾಳೆಯಲ್ಲಿ ಅದು ವಾಸದ ಮನೆಯೋ ಹೋಟೆಲೋ, ಮುಂಬದಿಗೆ ಎಷ್ಟು ಕಿಟಕಿ ಎಂದೂ ಇದೆ. ನೀವು ಹೊರಗೆ ನಿಂತು ಎಣಿಸಿದ ಕಿಟಕಿಗೆ ತಾಳೆ ಹಾಕಿದರೆ ಸರಿಯಾದ ಮನೆ ಹಿಡಿದಿದ್ದೀರೋ ಇಲ್ಲವೋ ತಿಳಿಯುತ್ತದೆ. ಒಂದು ಎಚ್ಚರ: ಕೋಣೆಗಳ ಅಂಕಣದಲ್ಲಿರುವುದು ಎಣಿಕೆಯಲ್ಲ, ಸಂಕೇತ. ಅಲ್ಲಿ 6 ಎಂದಿದ್ದರೆ 13 ಅಥವಾ ಹೆಚ್ಚು ಕೋಣೆ ಎಂದು ಅರ್ಥ. ಇದು ಗೊತ್ತಿಲ್ಲದೆ ಮಹಲನ್ನು ಆರು ಕೋಣೆಯ ಮನೆ ಮಾಡಿದ ಬರಹಗಳಿವೆ. 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ಆವರಣದ ದಾಖಲೆಮನೆ ಸುಟ್ಟಾಗ 19ನೇ ಶತಮಾನದ ಮೊದಲರ್ಧದ ಜನಗಣತಿಯ ಹಾಳೆಗಳು ಹೆಚ್ಚುಕಡಿಮೆ ಎಲ್ಲವೂ ಹೋದವು. ಇಂಗ್ಲೆಂಡಿನಲ್ಲಿ 1841ರಿಂದ 1921ರವರೆಗಿನವು ಸಿಗುತ್ತವೆ, 1931ರದ್ದು 1942ರ ಬೆಂಕಿಗೆ ಸಿಕ್ಕಿತು.

ಡಬ್ಲಿನ್ನಿನಲ್ಲಿ ಇನ್ನೂ ಹಿಂದಕ್ಕೆ ಹೋಗಲು 1708ರಲ್ಲಿ ಆರಂಭವಾದ ರಿಜಿಸ್ಟ್ರಿ ಆಫ್ ಡೀಡ್ಸ್ ಇದೆ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆದವರಿಗೆ ಇದು ಹೊಸದೆನಿಸುವುದಿಲ್ಲ. ಮೂಲ ಪತ್ರ ಅಲ್ಲಿಲ್ಲ, ಅದರ ಸಾರಾಂಶದ ನಕಲಿದೆ, ಅದಕ್ಕೆ ಮೆಮೋರಿಯಲ್ ಎನ್ನುತ್ತಾರೆ. ಅದರಲ್ಲಿ ಕೊಟ್ಟವರು, ಕೊಂಡವರು, ಸಾಕ್ಷಿಗಳು, ಮುಂಬದಿ ಇಷ್ಟು ಅಡಿ, ಹಿಂದಕ್ಕೆ ಇಷ್ಟು ಅಡಿ, ಮತ್ತು ಥೇಟ್ ನಮ್ಮ ಕ್ರಯಪತ್ರದ ಚಕ್ಕುಬಂದಿಯಂತೆ ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಏನು ಎಂಬ ವಿವರ. ಮನೆ ನಂಬರು ಇಲ್ಲದ ಕಾಲದಲ್ಲಿ ಈ ಚಕ್ಕುಬಂದಿಯೇ ನಿಮ್ಮ ಊರುಗೋಲು: ನಾಲ್ಕು ಮನೆಗಳ ಪತ್ರ ತೆಗೆದು, ಒಂದರ ಪಕ್ಕದವನು ಇನ್ನೊಂದರ ಮಾಲೀಕನಾಗುವಂತೆ ಜೋಡಿಸುತ್ತ ಹೋಗಿ. ಅಡಿಗಳನ್ನು ಕೂಡಿಸಿದರೆ ನೀವು ಅಳೆದ ಅಗಲಕ್ಕೆ ಹತ್ತಿರ ಬರಬೇಕು.

ಹುಡುಕಲು ಎರಡು ಸೂಚಿಗಳಿವೆ, ಒಂದು ಹೆಸರಿನದು, ಇನ್ನೊಂದು ಜಾಗದ್ದು. ಹೆಸರಿನ ಸೂಚಿಯಲ್ಲಿ ಕೊಟ್ಟವನ ಹೆಸರಷ್ಟೇ ತಲೆಬರಹ. ಕೊಂಡವನನ್ನು ಹುಡುಕುತ್ತ ಕೂತರೆ ದಿನವೆಲ್ಲ ಹೋಗುತ್ತದೆ. 1832ರವರೆಗಿನ ಸೂಚಿಯಲ್ಲಿ ಊರಿನ ಹೆಸರೂ ಇಲ್ಲ, ಸಂಪುಟ, ಪುಟ, ಮೆಮೋರಿಯಲ್ ಸಂಖ್ಯೆ ಇಷ್ಟೇ. ಡಬ್ಲಿನ್ನಿನ ಮನೆಗೆ ಬೀದಿವಾರು ಸೂಚಿಯಿಂದ ಶುರುಮಾಡುವುದೇ ಜಾಣತನ. ಸಂಪುಟಗಳ ಮೈಕ್ರೋಫಿಲ್ಮ್ ಪ್ರತಿ ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತ, ಬೆಂಗಳೂರಿನಲ್ಲಿ ಕೂತೇ ನೋಡಬಹುದು. ನೋಂದಣಿ ಕಡ್ಡಾಯವಾಗಿರಲಿಲ್ಲವಾದ್ದರಿಂದ ಪತ್ರ ಸಿಗಲಿಲ್ಲವೆಂದರೆ ವ್ಯವಹಾರ ನಡೆಯಲಿಲ್ಲ ಎಂದಾಗುವುದಿಲ್ಲ.

ತಾರೀಖಿನ ಒಂದು ಹೊಂಡವಿದೆ. ಇಂಗ್ಲೆಂಡ್ ಮತ್ತು ಐರ್ಲೆಂಡಿನಲ್ಲಿ 1752ರವರೆಗೆ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಪತ್ರದಲ್ಲಿ ಫೆಬ್ರವರಿ 1740 ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1741.

ನಡುಗೋಡೆ ಒಡೆದ ವರ್ಷ

ಇದು ಒಂದೇ ದಾಖಲೆಯಲ್ಲಿ ಸಿಗುವುದು ಅಪರೂಪ. ಐರ್ಲೆಂಡಿನ ಮನೆ ತೆರಿಗೆಯ ಮೌಲ್ಯಮಾಪನ ಪುಸ್ತಕಗಳಲ್ಲಿ ಹಳೆಯ ನಮೂದನ್ನು ಹೊಡೆದುಹಾಕಿ ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ತಿದ್ದುತ್ತ ಹೋಗಿರುತ್ತಾರೆ. ಎರಡು ಮನೆಯ ಮೌಲ್ಯ ಒಂದಾಗಿ ಬರೆದ ವರ್ಷ ಕಂಡರೆ ಗುರಿ ಹತ್ತಿರ. ಬ್ರಿಟನ್ನಿನಲ್ಲಿ ಎರಡು ಕಾನೂನುಗಳ ಸುತ್ತ ಹುಡುಕಿ. 1969ರ ಪ್ರವಾಸೋದ್ಯಮ ಅಭಿವೃದ್ಧಿ ಕಾಯ್ದೆ ಹೊಸ ಹೋಟೆಲ್ ಕೋಣೆಗಳಿಗೆ ಸಹಾಯಧನ ಕೊಟ್ಟಿತು, ಅದರ ಬೆನ್ನಿಗೇ ಕಟ್ಟಡ ಕೆಲಸಗಳ ಸುಗ್ಗಿ ಬಂತು. 1971ರ ಅಗ್ನಿ ಮುನ್ನೆಚ್ಚರಿಕೆ ಕಾಯ್ದೆಯ ಪ್ರಕಾರ 1972ರಿಂದ ಹೋಟೆಲುಗಳಿಗೆ ಪ್ರಮಾಣಪತ್ರ ಬೇಕಾಯಿತು. ಮೆಟ್ಟಿಲಿನ ಸುತ್ತ ಎದ್ದ ಗಾಜಿನ ಬಾಗಿಲು, ತಪ್ಪಿಸಿಕೊಳ್ಳಲು ನಡುಗೋಡೆಯಲ್ಲಿ ಕೊರೆದ ದಾರಿ ಬಹುತೇಕ ಆ ಕಾಲದವು. ಆ ಕಡತದಲ್ಲಿ ಇಡೀ ಕಟ್ಟಡದ ನಕ್ಷೆ ಇರುತ್ತದೆ, ಕೇಳುವವರೇ ಇಲ್ಲ.

ನಡುವಿನ ಕಾಲವನ್ನು ಹಾರಿಸಬೇಡಿ. 1801ರಲ್ಲಿ ಡಬ್ಲಿನ್ನಿನ ಪಾರ್ಲಿಮೆಂಟ್ ಮುಚ್ಚಿದ ಮೇಲೆ ಶ್ರೀಮಂತರು ಲಂಡನ್ನಿಗೆ ಹೊರಟರು, ಮನೆಗಳು ವಕೀಲರಿಗೆ, ಕಚೇರಿಗಳಿಗೆ ಹೋದವು. ಹೆನ್ರಿಯೆಟಾ ಸ್ಟ್ರೀಟಿನ ಒಂದೊಂದು ಮಹಲು ಬಡವರ ವಠಾರವಾಯಿತು. ಮೆರಿಯನ್ನಿನ ಮನೆಗಳು ಕೂಡ ಐರಿಷ್ ಲ್ಯಾಂಡ್ ಕಮಿಷನ್ ಎಂಬ ಸರ್ಕಾರಿ ಜಮೀನು ಆಯೋಗದ ಕಚೇರಿಗಳಾಗಿದ್ದವು. ಹೋಟೆಲಿನ ಕಿರುಪುಸ್ತಕಗಳಲ್ಲಿ ಪ್ರಭುಗಳಿಂದ ಒಂದೇ ನೆಗೆತಕ್ಕೆ ಪಂಚತಾರಾ ಸೌಕರ್ಯಕ್ಕೆ ಬರುತ್ತಾರೆ, ಗುಮಾಸ್ತರನ್ನು ಯಾರೂ ಕೇಳುವುದಿಲ್ಲ.

ಎದುರಿಗೆ ಕಾಣುವ ಕಟ್ಟಡ ಆ ಮನೆಗಳೇ ಹೌದೇ ಎಂದೂ ಖಾತ್ರಿ ಮಾಡಿಕೊಳ್ಳಿ. ಡಬ್ಲಿನ್ನಿನ ಸೇಂಟ್ ಸ್ಟೀಫನ್ಸ್ ಗ್ರೀನಿನ ಶೆಲ್ಬರ್ನ್ ಹೋಟೆಲನ್ನು ಮಾರ್ಟಿನ್ ಬರ್ಕ್ 1824ರಲ್ಲಿ ಮೂರು ಅಕ್ಕಪಕ್ಕದ ಮನೆಗಳಲ್ಲಿ ಶುರುಮಾಡಿದ. ಈಗ ಅಲ್ಲಿ ನಿಂತಿರುವುದು 1860ರ ದಶಕದಲ್ಲಿ ಜಾನ್ ಮೆಕರ್ಡಿಯ ವಿನ್ಯಾಸದಂತೆ ಹೊಸದಾಗಿ ಎದ್ದ ಮುಖ.

ದೊಡ್ಡವರು ಹುಟ್ಟಿದ ಕೋಣೆ

ಮೆರಿಯನ್ನಿನ 24ನೇ ಮನೆಗೆ ಮಾರ್ನಿಂಗ್ಟನ್ ಹೌಸ್ ಎಂದು ಹೆಸರು. 1769ರಲ್ಲಿ ಅದನ್ನು ಗುತ್ತಿಗೆಗೆ ಪಡೆದವನು ಮಾರ್ನಿಂಗ್ಟನ್ ಅರ್ಲ್. ಅವನ ಮಗ ಆರ್ಥರ್ ಅದೇ ವರ್ಷ ಅಲ್ಲಿ ಹುಟ್ಟಿದನೆಂಬುದು ಪ್ರತೀತಿ. ಮುಂದೆ ವೆಲಿಂಗ್ಟನ್ ಡ್ಯೂಕ್ ಆದವನು ಇವನೇ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ವಹಿಸಿ ದರಿಯಾ ದೌಲತ್‌ನಲ್ಲಿ ವಾಸವಿದ್ದ ಕರ್ನಲ್ ಕೂಡ ಇವನೇ. ಆ ಯುದ್ಧ ಹೂಡಿದ ಗವರ್ನರ್ ಜನರಲ್ ಇವನಣ್ಣ.

ಇಂಥ ಮಾತನ್ನು ಪರೀಕ್ಷಿಸುವ ಕ್ರಮ ಹೀಗೆ. ಗುತ್ತಿಗೆ ಪತ್ರದ ತಿಂಗಳು ಮತ್ತು ಮಗು ಹುಟ್ಟಿದ ತಿಂಗಳು, ಯಾವುದು ಮೊದಲು? ಗುತ್ತಿಗೆಗೆ ಸಹಿ ಬಿದ್ದ ದಿನವೇ ಸಂಸಾರ ಒಳಗೆ ಬಂತೆಂದೇನೂ ಇಲ್ಲ. ಚರ್ಚಿನ ದೀಕ್ಷಾಸ್ನಾನದ ಪುಸ್ತಕ ಏನು ಹೇಳುತ್ತದೆ? ಆರ್ಥರ್ ತನ್ನ ಹುಟ್ಟಿದ ದಿನವೆಂದು ಆಚರಿಸುತ್ತಿದ್ದುದು ಮೇ 1. ದಿನದ ಬಗ್ಗೆಯೂ ಜಾಗದ ಬಗ್ಗೆಯೂ ತಕರಾರಿದೆ, ಮೀತ್ ಕೌಂಟಿಯ ಡ್ಯಾಂಗನ್ ಕೋಟೆಯೂ ಹಕ್ಕು ಹೇಳುತ್ತದೆ. ಇನ್ನೊಂದು ಮುಖ್ಯ ಮಾತು: ಸೂಚಿಯಲ್ಲಿ ‘ವೆಲ್ಲೆಸ್ಲಿ’ ಎಂದು ಹುಡುಕಿದರೆ 1769ಕ್ಕೆ ಏನೂ ಸಿಗದು. ಆಗ ಮನೆತನದ ಹೆಸರು ವೆಸ್ಲಿ. 1798ರವರೆಗೂ ಆರ್ಥರ್ ಅದೇ ಹೆಸರಿನಲ್ಲಿ ಸಹಿ ಹಾಕುತ್ತಿದ್ದ. ಹೆಸರಿನ ಎಲ್ಲ ಕಾಗುಣಿತ, ಬಿರುದು ಎರಡರಲ್ಲೂ ಹುಡುಕಬೇಕು.

ಬರೆಯುವಾಗ ‘ಇಲ್ಲಿ ಹುಟ್ಟಿದ’ ಎನ್ನದೆ ‘ಇಲ್ಲಿ ಹುಟ್ಟಿದನೆಂದು ಹೇಳುತ್ತಾರೆ, ತಂದೆಯ ಗುತ್ತಿಗೆ 1769ರದ್ದು’ ಎಂದರೆ ಓದುವವನಿಗೂ ಮೋಸವಿಲ್ಲ, ಹೋಟೆಲಿಗೂ ನಷ್ಟವಿಲ್ಲ. ಸಾವಿಗೆ ಸಾಮಾನ್ಯವಾಗಿ ಇಷ್ಟು ತೊಡಕಿರುವುದಿಲ್ಲ. ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ 1830ರಲ್ಲಿ ತೀರಿಕೊಂಡದ್ದು ಲಂಡನ್ನಿನ ಫ್ರಿತ್ ಸ್ಟ್ರೀಟಿನ 6ನೇ ಮನೆಯಲ್ಲಿ, ಈಗಲ್ಲಿ ಅವನದೇ ಹೆಸರಿನ ಹೋಟೆಲಿದೆ.

ಜೋಡಿಸಿ ಬರೆಯುವುದು

ಮನೆಗೊಂದು ಹಾಳೆ ಮಾಡಿ. ಎಡಗಡೆ ವರ್ಷ, ನಡುವೆ ಯಾರಿದ್ದರು, ಏನಕ್ಕೆ ಬಳಸಿದರು, ಬಲಗಡೆ ಯಾವ ದಾಖಲೆ. ದಾಖಲೆಯಲ್ಲಿ ಕಂಡದ್ದಕ್ಕೂ ಗೋಡೆ ನೋಡಿ ಊಹಿಸಿದ್ದಕ್ಕೂ ಬೇರೆ ಬೇರೆ ಬಣ್ಣದ ಪೆನ್ನು. ಖಾಲಿ ವರ್ಷಗಳನ್ನು ಖಾಲಿಯಾಗಿಯೇ ಬಿಡಿ. ನಾಲ್ಕು ಹಾಳೆ ಅಕ್ಕಪಕ್ಕ ಇಟ್ಟಾಗ ಎಲ್ಲದರಲ್ಲೂ ಒಂದೇ ಹೆಸರು ಕಾಣತೊಡಗುವ ಸಾಲೇ ಹೋಟೆಲಿನ ಹುಟ್ಟು.

ಫೋಟೋಗಳಿಗೆ ‘214ನೇ ಕೋಣೆ’ ಎಂದು ಹೆಸರಿಡಬೇಡಿ. ಮುಂದಿನ ನವೀಕರಣದಲ್ಲಿ ಕೋಣೆ ಸಂಖ್ಯೆಗಳು ಬದಲಾಗುತ್ತವೆ, ಆಮೇಲೆ ನಿಮ್ಮ ಫೋಟೋ ಯಾವ ಗೋಡೆಯದೆಂದು ನಿಮಗೇ ತಿಳಿಯದು. ‘ಆ ಮನೆ, ಮೊದಲ ಮಹಡಿ, ಹಿಂದಿನ ಕೋಣೆ, ಉತ್ತರ ಗೋಡೆ’ ಎಂದು ಬರೆದು ತಾರೀಖು ಹಾಕಿಡಿ.